ಬಿದ್ದರೂ ಎಬ್ಬಿಸದ ಮಂತ್ರ: ಸಾಯುವ ಪಾತ್ರಕ್ಕೆ ಕಟ್ಟಿಟ್ಟ ಮದ್ದು ಹೊತ್ತಿಗೆ ಒದಗದಿದ್ದಾಗ

ಕೊಡಗಿನ ಕಕ್ಕಡ ತಿಂಗಳ 18ರ ಸಂಜೆ. ಮೇಜಿನ ಮೇಲೆ ಮದ್ದು ಸೊಪ್ಪಿನ ಪಾಯಸ, ಅದರ ಪಕ್ಕದಲ್ಲಿ ಇಪ್ಪತ್ತು ಮುಖದ ದಾಳ. ಹೊರಗೆ ಮೂರು ದಿನದಿಂದ ಬಿಡದ ಮಳೆ. ನಾವಾಡುವ ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಪಾತ್ರದಾಟದಲ್ಲಿ ಅಕ್ಕ ಆಡಿಸುವ ಮಂತ್ರವಾದಿ, ಟ್ರೋಲ್ ಎಂಬ ದೈತ್ಯಜೀವಿಯ ಉಗುರಿಗೆ ಸಿಕ್ಕಿ ನೆಲಕ್ಕೆ ಬಿದ್ದ. "ನನಗೇನು ಚಿಂತೆ, ಕಂಟಿಂಜೆನ್ಸಿ ಕಟ್ಟಿಟ್ಟಿದ್ದೇನೆ" ಎಂದು ಅಕ್ಕ ಕುರ್ಚಿಗೆ ಒರಗಿದರು. ಹೇಳಿಟ್ಟ ಷರತ್ತು ನಡೆದಾಗ ತಾನಾಗಿ ಚಾಲೂ ಆಗುವ ಮಂತ್ರ ಅದು. ಆಟ ನಡೆಸುತ್ತಿದ್ದ ಸುಬೇದಾರ್ ಮಾವ ಕನ್ನಡಕ ಏರಿಸಿಕೊಂಡು, ಅಕ್ಕನೇ ಷರತ್ತು ಬರೆದುಕೊಟ್ಟಿದ್ದ ಚೀಟಿಯನ್ನು ಎರಡು ಸಲ ಓದಿದರು. "ಇದು ಚಾಲೂ ಆಗುವ ಹೊತ್ತಿಗೆ ನೀನಿರುವುದಿಲ್ಲ ಮಗಳೇ" ಎಂದರು. ಪಾಯಸ ಆರಿತು. ಮಂತ್ರವಾದಿ ಸತ್ತ.

ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಕೂಡಿಕೊಳ್ಳುವುದು ಕಕ್ಕಡದ ಹದಿನೆಂಟನೆಯ ದಿನ ಎಂಬುದು ಕೊಡಗಿನ ನಂಬಿಕೆ. ಹಿಂದಿನ ವಾರ ಕೊಯ್ದರೆ ಅದು ಬರೀ ಸೊಪ್ಪು. ಆಟದ ಮದ್ದಿನದೂ ಅದೇ ಕತೆ. ಮಂತ್ರ ಸರಿಯಾಗಿಯೇ ಇರುತ್ತದೆ, ಗಳಿಗೆ ತಪ್ಪಿರುತ್ತದೆ. ಆ ಸಂಜೆಯಿಂದ ನಮ್ಮ ಮೇಜಿನಲ್ಲಿ ಒಂದು ನೋಟ್‌ಬುಕ್ ಇದೆ. ಇಂಥ ದೋಷ ಕಂಡಾಗಲೆಲ್ಲ ಅದರಲ್ಲಿ ಬರೆದಿಟ್ಟದ್ದನ್ನು ಇಲ್ಲಿ ಲಕ್ಷಣದ ಪ್ರಕಾರ ಜೋಡಿಸಿದ್ದೇನೆ. ಲೆಕ್ಕವೆಲ್ಲ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ 2014ರ ಐದನೆಯ ಆವೃತ್ತಿಯದು. 2024ರ ಪರಿಷ್ಕರಣೆಯಲ್ಲಿ ಬದಲಾದದ್ದನ್ನೂ ಹಳೆಯ ಆವೃತ್ತಿಯದನ್ನೂ ಬೇಕಾದ ಕಡೆ ಹೇಳಿದ್ದೇನೆ.

ಮೊದಲು: ನಿಮ್ಮ ಮದ್ದು ಯಾವ ಗಳಿಗೆಯದು?

ಮಳೆಗಾಲದಲ್ಲಿ ನಮ್ಮ ತೋಟದ ಮನೆಗೆ ಕರೆಂಟಿನ ಭರವಸೆಯಿಲ್ಲ. ಯುಪಿಎಸ್ ಇರುವ ಕೋಣೆಯಲ್ಲಿ ಕರೆಂಟು ಹೋದದ್ದೇ ಗೊತ್ತಾಗುವುದಿಲ್ಲ. ಶೆಡ್ಡಿನ ಜನರೇಟರು ತಾನಾಗಿಯೇ ಚಾಲೂ ಆಗುತ್ತದೆ, ಆದರೆ ಕತ್ತಲಾದ ಮೇಲೆ. ಅದೂ ಕೈಕೊಟ್ಟರೆ ಯಾರಾದರೂ ಟಾರ್ಚ್ ಹಿಡಿದು, ಜಿಗಣೆ ಕೊಡವಿಕೊಳ್ಳುತ್ತ ಶೆಡ್ಡಿಗೆ ಹೋಗಬೇಕು. ಮೂರೂ ಬೆಳಕನ್ನೇ ಕೊಡುತ್ತವೆ, ಆದರೆ ಒಂದರ ಕೆಲಸವನ್ನು ಇನ್ನೊಂದರಿಂದ ನಿರೀಕ್ಷಿಸಿದರೆ ಎಡವುತ್ತೀರಿ.

ಡೆತ್ ವಾರ್ಡ್ ಎಂಬ ಮಂತ್ರ ಯುಪಿಎಸ್ ಇದ್ದ ಹಾಗೆ. ಪೆಟ್ಟಿನಿಂದ ಹಿಟ್ ಪಾಯಿಂಟ್ (ಪಾತ್ರದ ಜೀವಶಕ್ತಿಯ ಅಂಕ) ಸೊನ್ನೆಗೆ ಇಳಿಯಬೇಕಾದ ಗಳಿಗೆಯಲ್ಲಿ ಅದನ್ನು 1ರಲ್ಲಿ ಹಿಡಿದು ನಿಲ್ಲಿಸುತ್ತದೆ. ಪಾತ್ರ ಬೀಳುವುದೇ ಇಲ್ಲ. ಕಂಟಿಂಜೆನ್ಸಿ ಜನರೇಟರು. ನೀವು ಹೇಳಿಟ್ಟ ಷರತ್ತು ನಡೆದು ಮುಗಿದ ಮರುಗಳಿಗೆಯಲ್ಲಿ, ಒಳಗೆ ಕಟ್ಟಿಟ್ಟ ಮಂತ್ರ ಹೊರಬರುತ್ತದೆ. ಗೆಳೆಯರು ಹೇಳುವ, ಗಾಯ ಮಾಯಿಸುವ ಹೀಲಿಂಗ್ ವರ್ಡ್ ಮಂತ್ರ ಅಥವಾ ಬಾಯಿಗೆ ಹೊಯ್ಯುವ ಔಷಧಿ ಟಾರ್ಚ್ ಹಿಡಿದು ಹೋಗುವ ಮನುಷ್ಯ. ಅವರ ಸರದಿ ಬರುವವರೆಗೆ ಕತ್ತಲೆಯೇ. ನಾಲ್ಕನೆಯದು ರಿವಿವಿಫೈ. ಅದು ಸತ್ತ ಮೇಲಿನ ಮಾತು: ಸತ್ತು ಒಂದು ನಿಮಿಷ ಮೀರಿರಬಾರದು, ಕೈಯಲ್ಲಿ 300 ಚಿನ್ನದ ನಾಣ್ಯ ಬೆಲೆಯ ವಜ್ರ ಇರಬೇಕು, ಎದ್ದಾಗ ಸಿಗುವುದು 1 ಹಿಟ್ ಪಾಯಿಂಟ್.

ಸೊನ್ನೆಗೆ ಬಂದ ಪಾತ್ರ ಪ್ರಜ್ಞೆ ತಪ್ಪಿ ಬೀಳುತ್ತದೆ. ತನ್ನ ಪ್ರತಿ ಸರದಿಯ ಆರಂಭದಲ್ಲಿ ಡೆತ್ ಸೇವ್, ಅಂದರೆ ಸಾವು ಬದುಕಿನ ದಾಳ, ಎಸೆಯಬೇಕು. 10 ಅಥವಾ ಹೆಚ್ಚು ಬಿದ್ದರೆ ಗೆಲುವು, ಕಡಿಮೆಯಾದರೆ ಸೋಲು. ಮೂರು ಗೆಲುವಿಗೆ ಸ್ಥಿತಿ ಸ್ಥಿರ, ಮೂರು ಸೋಲಿಗೆ ಸಾವು. ದಾಳದಲ್ಲಿ 1 ಬಿದ್ದರೆ ಎರಡು ಸೋಲಿನ ಲೆಕ್ಕ, 20 ಬಿದ್ದರೆ 1 ಹಿಟ್ ಪಾಯಿಂಟಿನೊಂದಿಗೆ ಕಣ್ಣು ಬಿಡುತ್ತಾನೆ. ಬಿದ್ದಿರುವಾಗ ತಾಗುವ ಪ್ರತಿ ಪೆಟ್ಟೂ ಒಂದು ಸೋಲು. ಐದು ಅಡಿಯೊಳಗೆ ನಿಂತವನ ಹೊಡೆತ ತಾಗಿದರೆ ಅದು ಕ್ರಿಟಿಕಲ್, ಅಂದರೆ ಎರಡು ಸೋಲು. ಈ ಕೊನೆಯ ವಾಕ್ಯವನ್ನು ಮರೆತವರೇ ಹೆಚ್ಚಾಗಿ ಈ ಕೈಪಿಡಿ ಹುಡುಕಿಕೊಂಡು ಬರುತ್ತಾರೆ.

ಲಕ್ಷಣ 1: "ಬಿದ್ದೆ, ಆದರೆ ಏನೂ ಆಗಲಿಲ್ಲ"

ಖರ್ಚಿಲ್ಲದ ಪರೀಕ್ಷೆಯಿಂದ ಶುರುಮಾಡಿ: ಪಾತ್ರದ ಹಾಳೆಯಲ್ಲಿ ದಿನಾಂಕ ನೋಡಿ. ಕಂಟಿಂಜೆನ್ಸಿ ಇರುವುದು 10 ದಿನ. ಡೆತ್ ವಾರ್ಡ್ 8 ಗಂಟೆ. ನಮ್ಮಲ್ಲಿ ಒಮ್ಮೆ ಊರಿನಿಂದ ಗುಹೆಗೆ ನಡೆದದ್ದೇ 12 ದಿನ. ಹೊರಡುವ ಮುಂಜಾನೆ ಕಟ್ಟಿದ ಮಂತ್ರ ಗುಹೆಯ ಬಾಯಿ ಕಾಣುವ ಮೊದಲೇ ಆರಿಹೋಗಿತ್ತು. ಯಾರೂ ಲೆಕ್ಕ ಇಟ್ಟಿರಲಿಲ್ಲ. ಡೆತ್ ವಾರ್ಡನ್ನು ಬೆಳಗಿನ ಅಕ್ಕಿ ರೊಟ್ಟಿಯ ಹೊತ್ತಿಗೆ ಹಾಕಿಕೊಂಡು ಸಂಜೆಯ ಕಾಳಗಕ್ಕೆ ನೆಚ್ಚಿ ಕುಳಿತವರೂ ಇದ್ದಾರೆ.

ಎರಡನೆಯದು, ಪುತ್ಥಳಿ ಎಲ್ಲಿದೆ? ಕಂಟಿಂಜೆನ್ಸಿಗೆ ಮಂತ್ರವಾದಿಯದೇ ರೂಪದ, ಹರಳು ಕೂರಿಸಿದ ಪುಟ್ಟ ಪುತ್ಥಳಿ ಬೇಕು, ಬೆಲೆ 1,500 ಚಿನ್ನದ ನಾಣ್ಯ. 2014ರ ಪುಸ್ತಕ ಅದನ್ನು ಆನೆ ದಂತದಲ್ಲೇ ಕೆತ್ತಿಸಲು ಹೇಳುತ್ತದೆ. ಕೊಡಗಿನಲ್ಲಿ ಕುಳಿತು ಈ ಸಾಲನ್ನು ಜೋರಾಗಿ ಓದಿದರೆ ಎಲ್ಲರಿಗೂ ಅರಣ್ಯ ಇಲಾಖೆಯ ನೆನಪಾಗುತ್ತದೆ. ಅಕ್ಕ ಅದರ ಬದಲಿಗೆ ಮೇಜಿನ ಮೇಲೆ ಕಾಫಿ ಗಿಡದ ಬೇರಿನ ಒಂದು ತುಂಡನ್ನು ಇಟ್ಟುಕೊಂಡಿದ್ದಾರೆ. ಪುತ್ಥಳಿ ಮೈಮೇಲೆ ಇಲ್ಲದ ಗಳಿಗೆಯಲ್ಲಿ ಮಂತ್ರ ಮುಗಿಯುತ್ತದೆ. ಸೆರೆ ಸಿಕ್ಕಾಗ ಚೀಲ ಕಿತ್ತುಕೊಂಡರೆ, ನದಿ ದಾಟುವಾಗ ಗಂಟನ್ನು ಗೆಳೆಯನ ತಲೆಗೆ ಹೊರಿಸಿದರೆ, ಅಲ್ಲಿಗೆ ಮುಗಿಯಿತು. ಆಮೇಲೆ ಚೀಲ ಮರಳಿ ಸಿಕ್ಕರೂ ಮಂತ್ರ ಮರಳುವುದಿಲ್ಲ.

ಮೂರನೆಯದು, ಒಂದರ ಮೇಲೊಂದು ಕಟ್ಟಿದ್ದೀರಾ? ಒಬ್ಬರಿಗೆ ಒಂದೇ ಕಂಟಿಂಜೆನ್ಸಿ. ಹೊಸದನ್ನು ಕಟ್ಟಿದ ಕೂಡಲೇ ಹಳೆಯದು ಬಿಚ್ಚಿಹೋಗುತ್ತದೆ.

ಇಷ್ಟೂ ಸರಿಯಿದ್ದರೆ ಕಟ್ಟುವಾಗಲೇ ತಪ್ಪಾಗಿದೆಯೇ ನೋಡಿ. ಕಂಟಿಂಜೆನ್ಸಿ ಕಟ್ಟಿಕೊಂಡವರ ಮೇಲೆ ಮಾತ್ರ ನಡೆಯುತ್ತದೆ. ಮಂತ್ರವಾದಿ ಅದನ್ನು ಮುಂದಾಳು ಯೋಧನಿಗೆ ಕಟ್ಟಲು ಬರುವುದಿಲ್ಲ. ಒಳಗಿಡುವ ಮಂತ್ರ ಐದನೆಯ ಹಂತ ಮೀರಬಾರದು, ಅದನ್ನು ಹೇಳಲು ಒಂದು ಪೂರ್ತಿ ಕ್ರಿಯೆ (ಸರದಿಯ ಮುಖ್ಯ ಕೆಲಸ) ಹಿಡಿಯುವಂತಿರಬೇಕು, ಮತ್ತು ಅದು ನಿಮಗೇ ಬರುವ ಮಂತ್ರವಾಗಿರಬೇಕು. ಹೀಲಿಂಗ್ ವರ್ಡ್ ಬೋನಸ್ ಕ್ರಿಯೆಯದು (ಮುಖ್ಯ ಕೆಲಸದ ಜೊತೆಗೆ ಮಾಡುವ ಸಣ್ಣ ಕೆಲಸ), ಒಳಗೆ ಕೂರುವುದಿಲ್ಲ. ಮುಟ್ಟಿ ಗಾಯ ಮಾಯಿಸುವ ಕ್ಯೂರ್ ವೂಂಡ್ಸ್ ಕೂರುತ್ತದೆ, ಆದರೆ ಅದು ಮಂತ್ರವಾದಿಗಳ ಪಟ್ಟಿಯಲ್ಲೇ ಇಲ್ಲ. ಅಕ್ಕನ ಪಾತ್ರ ಒಂದು ಹಂತ ಕ್ಲೆರಿಕ್ (ದೇವರ ಬಲದಿಂದ ಮಂತ್ರ ಹೇಳುವವರ) ವಿದ್ಯೆಯನ್ನೂ ಕಲಿತದ್ದು ಇದೇ ಕಾರಣಕ್ಕೆ. ಬರೀ ಮಂತ್ರವಾದಿಯ ಹಾಳೆಯಲ್ಲಿ "ಕಂಟಿಂಜೆನ್ಸಿ, ಕ್ಯೂರ್ ವೂಂಡ್ಸ್" ಎಂದು ಕಂಡರೆ ಅದು ಮೊದಲ ದಿನದಿಂದಲೂ ಖಾಲಿ ತೋಟಾ.

ಕೊನೆಯದು ಹಳೆಯ ಆಟಗಾರರ ದೋಷ. 2003ರ ಮೂರೂವರೆ ಆವೃತ್ತಿಯಲ್ಲಿ ಹಿಟ್ ಪಾಯಿಂಟ್ ಸೊನ್ನೆಗಿಂತ ಕೆಳಗೂ ಇಳಿಯುತ್ತಿತ್ತು. ಮೈನಸ್ 1ರಿಂದ ಮೈನಸ್ 9ರವರೆಗೆ ಸಾಯುತ್ತಿರುವ ಸ್ಥಿತಿ, ಮೈನಸ್ 10ಕ್ಕೆ ಸಾವು. ಅದೇ ಅಭ್ಯಾಸದಲ್ಲಿ ಒಬ್ಬರು "ಸೊನ್ನೆಗಿಂತ ಕೆಳಗಿಳಿದಾಗ" ಎಂದು ಷರತ್ತು ಬರೆದಿದ್ದರು. ಐದನೆಯ ಆವೃತ್ತಿಯಲ್ಲಿ ಸೊನ್ನೆಯ ಕೆಳಗೆ ಏನೂ ಇಲ್ಲ. ಆ ಷರತ್ತು ಎಂದೂ ನಡೆಯುವುದಿಲ್ಲ. ತಿರುಗಿಸಿದರೂ ತಪ್ಪೇ: ಮೂರೂವರೆಯಲ್ಲಿ "ಸೊನ್ನೆ ಆದಾಗ" ಎಂದು ಬರೆದಿದ್ದು, ಒಂದೇ ಪೆಟ್ಟಿಗೆ 5ರಿಂದ ಮೈನಸ್ 4ಕ್ಕೆ ಹಾರಿದರೆ, ಅಕ್ಷರ ಹಿಡಿದು ಓದುವ ಡಿಎಂ (ಆಟ ನಡೆಸುವವರು) ಒಪ್ಪುವುದಿಲ್ಲ. ಸುಬೇದಾರ್ ಮಾವ ಅಂಥವರು. ಸೈನ್ಯದಲ್ಲಿ ಅಷ್ಟು ವರ್ಷ ಆದೇಶ ಓದಿದವರ ಮುಂದೆ "ನನ್ನ ಮನಸ್ಸಿನಲ್ಲಿ ಇದ್ದದ್ದು" ಎಂಬ ವಾದ ನಡೆಯುವುದಿಲ್ಲ.

ಲಕ್ಷಣ 2: "ಬೇಕಿಲ್ಲದಾಗಲೇ ಚಾಲೂ ಆಗಿಬಿಟ್ಟಿತು"

ಷರತ್ತು ಮೊದಲ ಸಲ ನಡೆದ ಕೂಡಲೇ ಕಂಟಿಂಜೆನ್ಸಿ ಹೊರಬರುತ್ತದೆ. ನಿಮಗೆ ಬೇಕೋ ಬೇಡವೋ ಎಂದು ಅದು ಕೇಳುವುದಿಲ್ಲ. ಹೀಗಾಗಿ ಈ ಲಕ್ಷಣ ಕಂಡರೆ ದೋಷ ನೂರಕ್ಕೆ ನೂರು ಚೀಟಿಯಲ್ಲೇ ಇದೆ.

ನಮ್ಮ ಮೇಜಿನಲ್ಲಿ ಒಬ್ಬರು ಮನೆಯಲ್ಲಿ ಕೊಡವ ತಕ್ಕ್ ಆಡುತ್ತಾರೆ, ಇಬ್ಬರದು ಅರೆಭಾಷೆ. ಆದ್ದರಿಂದ ಷರತ್ತು, ತೀರ್ಪು ಎಲ್ಲವೂ ಕನ್ನಡದಲ್ಲಿ. ಅಕ್ಕನ ಮೊಟ್ಟಮೊದಲ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: "ನಾನು ಕಣ್ಣು ಮುಚ್ಚಿದರೆ." ಶಾಲೆಯಲ್ಲಿ ಕನ್ನಡ ಪಾಠ ಮಾಡುವವರು, ಸಾವು ಎಂಬ ಶಬ್ದ ಬರೆಯಲು ಮನಸ್ಸಾಗಲಿಲ್ಲವಂತೆ. ಆ ರಾತ್ರಿ ತಂಡ ಬಿಡಾರ ಹೂಡಿತು. ಮಂತ್ರವಾದಿ ಮಲಗಿದ. ಮಾವ ದಾಳವನ್ನೂ ಮುಟ್ಟದೆ ಹೇಳಿದರು, "ಕಣ್ಣು ಮುಚ್ಚಿದೆ. ಮೈಯೆಲ್ಲ ಬೆಳಕು ಹರಿಯಿತು. ಗಾಯ ಯಾವುದೂ ಇರಲಿಲ್ಲ, ಆದ್ದರಿಂದ ಏನೂ ಮಾಯಲಿಲ್ಲ."

"ಮಾವ, ಇದು ಅನ್ಯಾಯ."

"ಕಣ್ಣು ಮಿಟುಕಿಸಿದಾಗಲೇ ಹತ್ತಿಸಬೇಕಿತ್ತು ಮಗಳೇ, ಪಾಪ ಎಂದು ರಾತ್ರಿಯವರೆಗೆ ಕಾದೆ."

ಅಂದಿನಿಂದ ಚೀಟಿಯಲ್ಲಿ ಅಲಂಕಾರಕ್ಕೆ ಜಾಗವಿಲ್ಲ. ಕೊನೆಯುಸಿರು, ಪ್ರಾಣ ಹಾರು, ಕಾಲನ ಕರೆ, ಒಂದೂ ಬೇಡ. ಕ್ರಿಯಾಪದದ ರೂಪವನ್ನೂ ತೂಗಿ ನೋಡಿ. "ಬೀಳುವಾಗ" ಎಂದರೆ ಬೀಳುವ ಕೆಲಸ ಇನ್ನೂ ನಡೆಯುತ್ತಿದೆ, ಮೆಟ್ಟಿಲಲ್ಲಿ ಜಾರಿದರೂ ಸಾಕು. "ಬಿದ್ದಾಗ" ಎಂದರೆ ಬಿದ್ದಾಯಿತು, ಆದರೆ ನೆಲಕ್ಕೆ ಬಿದ್ದದ್ದೋ ಸೊನ್ನೆಗೆ ಬಿದ್ದದ್ದೋ ಹೇಳಿಲ್ಲ. "ಬೀಳುವ ಮುನ್ನ" ಎಂದು ಬರೆದರೆ ಮಂತ್ರ ಭವಿಷ್ಯ ನುಡಿಯಬೇಕಾಗುತ್ತದೆ. ಕಂಟಿಂಜೆನ್ಸಿ ನಡೆದದ್ದಕ್ಕೆ ಉತ್ತರ ಕೊಡುತ್ತದೆಯೇ ಹೊರತು ಮುಂದಾಗುವುದನ್ನು ತಡೆಯುವುದಿಲ್ಲ. ಮುನ್ನ ಬೇಕಿದ್ದರೆ ಡೆತ್ ವಾರ್ಡ್ ಕೇಳಿ. "ಸಾಯುತ್ತಿರುವಾಗ" ಎಂಬುದು ಎಲ್ಲಕ್ಕಿಂತ ಕೆಟ್ಟದ್ದು. ಮನುಷ್ಯ ಹುಟ್ಟಿದ ದಿನದಿಂದ ಸಾಯುತ್ತಲೇ ಇದ್ದಾನೆ ಎಂದು ವೇದಾಂತ ಹೇಳುವ ಡಿಎಂ ಸಿಕ್ಕರೆ ಅಲ್ಲಿಗೆ ಮುಗಿಯಿತು.

"ಪೆಟ್ಟಿನಿಂದ ನನ್ನ ಹಿಟ್ ಪಾಯಿಂಟ್ ಸೊನ್ನೆಯಾಗಿ ನಾನು ಪ್ರಜ್ಞೆ ತಪ್ಪಿದ ಕೂಡಲೇ" ಎಂಬುದು ಸಪ್ಪೆಯಾಗಿದೆ, ಆದರೆ ಕೆಲಸ ಮಾಡುತ್ತದೆ. ಹಿಟ್ ಪಾಯಿಂಟ್ ಎಂಬುದು ಆಟಗಾರರ ಲೆಕ್ಕ, ಪಾತ್ರಕ್ಕೆ ಅದರ ಅರಿವಿಲ್ಲ ಎಂದು ಆಕ್ಷೇಪಿಸುವ ಡಿಎಂ ಇದ್ದರೆ "ಗಾಯಗೊಂಡು ಪ್ರಜ್ಞೆ ತಪ್ಪಿದ ಕೂಡಲೇ" ಎನ್ನಿ. ಬರೀ "ಪ್ರಜ್ಞೆ ತಪ್ಪಿದ ಕೂಡಲೇ" ಸಾಲದು. ಸ್ಲೀಪ್ ಮಂತ್ರ ತಾಗಿದರೂ ಪ್ರಜ್ಞೆ ತಪ್ಪುತ್ತದೆ.

ಲಕ್ಷಣ 3: "ಎದ್ದ, ಮತ್ತೆ ಬಿದ್ದ" ಅಥವಾ "ಏಳುವಷ್ಟರಲ್ಲಿ ಸತ್ತ"

ಇವೆರಡೂ ಒಂದೇ ರೋಗದ ಎರಡು ಮುಖ, ಕಠಿಣವಾದದ್ದೂ ಇದೇ. ಅಕ್ಕನ ಟ್ರೋಲ್ ಕಾಳಗವನ್ನೇ ಬಿಡಿಸಿ ನೋಡೋಣ.

ಟ್ರೋಲ್ ಒಂದು ಸರದಿಯಲ್ಲಿ ಮೂರು ಸಲ ಹೊಡೆಯುತ್ತದೆ: ಎರಡು ಉಗುರು, ಒಂದು ಕಡಿತ. ಉಗುರಿನ ಸರಾಸರಿ ಪೆಟ್ಟು 11, ಕಡಿತದ್ದು 7. ಮಂತ್ರವಾದಿಯ ಬಳಿ ಉಳಿದಿದ್ದದ್ದು 9. ಒಳಗೆ ಕಟ್ಟಿದ್ದು ಮೂರನೆಯ ಹಂತದ ಕ್ಯೂರ್ ವೂಂಡ್ಸ್, ಅಂದರೆ ಎಂಟು ಮುಖದ ಮೂರು ದಾಳ ಮತ್ತು 3, ಸುಮಾರು 16.

ಚೀಟಿಯಲ್ಲಿ ಇದ್ದದ್ದು: "ನನ್ನನ್ನು ಬೀಳಿಸಿದವನ ಏಟುಗಳು ಮುಗಿದ ಮೇಲೆ." ಅಕ್ಕನ ಯೋಚನೆ ಮೇಲ್ನೋಟಕ್ಕೆ ಜಾಣತನದ್ದೇ. ಏಟಿನ ನಡುವೆ ಎದ್ದರೆ ಕೊಟ್ಟ 16 ಅಲ್ಲೇ ಕರಗಿಹೋಗುತ್ತದೆ, ಮುಗಿದ ಮೇಲೆ ಎದ್ದರೆ ಪೂರ್ತಿ ಉಳಿಯುತ್ತದೆ. ಆದರೆ ನಡೆದದ್ದು ಹೀಗೆ. ಮೊದಲ ಉಗುರು: 9 ಹೋಗಿ ಸೊನ್ನೆ, ಬಿದ್ದ. ಎರಡನೆಯ ಉಗುರು ಬಿದ್ದವನಿಗೆ ತಾಗಿತು, ಪಕ್ಕದಲ್ಲೇ ನಿಂತಿರುವುದರಿಂದ ಕ್ರಿಟಿಕಲ್: ಎರಡು ಸೋಲು. ಕಡಿತ ತಾಗಿತು: ಇನ್ನೆರಡು. ಮೂರಕ್ಕೇ ಸಾವು. ಏಟು ಮುಗಿಯಿತು, ಕಂಟಿಂಜೆನ್ಸಿ ನಿಯತ್ತಾಗಿ ಹೊರಬಂತು, ಕೆಳಗಿದ್ದದ್ದು ಹೆಣ. ಕ್ಯೂರ್ ವೂಂಡ್ಸ್ ಹೆಣವನ್ನು ಎಬ್ಬಿಸುವುದಿಲ್ಲ.

ಅದೇ ಮಂತ್ರ, ಅದೇ ದಾಳ, ಷರತ್ತು ಮಾತ್ರ "ಬಿದ್ದ ಕೂಡಲೇ" ಎಂದಿದ್ದರೆ? ಮೊದಲ ಉಗುರಿಗೆ ಬಿದ್ದ, ಕೂಡಲೇ 16. ಎರಡನೆಯ ಉಗುರು 11, ಉಳಿದದ್ದು 5. ಕಡಿತ 7, ಮತ್ತೆ ಸೊನ್ನೆ. ಆದರೆ ಹಿಟ್ ಪಾಯಿಂಟ್ ಒಂದಾದರೂ ಬಂದ ಗಳಿಗೆಯಲ್ಲಿ ಹಳೆಯ ಸೋಲುಗಳೆಲ್ಲ ಅಳಿಸಿಹೋಗುತ್ತವೆ. ಟ್ರೋಲಿನ ಸರದಿ ಮುಗಿದಾಗ ಮಂತ್ರವಾದಿ ಪ್ರಜ್ಞೆ ತಪ್ಪಿ ಬಿದ್ದಿದ್ದಾನೆ, ಆದರೆ ಒಂದು ಸೋಲೂ ಇಲ್ಲದೆ ಜೀವಂತ. ನೋಡುವವರಿಗೆ "ಎದ್ದ, ಮತ್ತೆ ಬಿದ್ದ, ಮಂತ್ರ ವ್ಯರ್ಥ" ಎನಿಸುತ್ತದೆ. ಆ ವ್ಯರ್ಥ ಮಂತ್ರವೇ ಎರಡು ಏಟು ನುಂಗಿತು.

ಹಾಗಾದರೆ ಕಾಯುವ ಷರತ್ತಿಗೆ ಬೆಲೆಯೇ ಇಲ್ಲವೇ? ಇದೆ, ಎದುರಾಳಿ ಬಿದ್ದವನನ್ನು ಬಿಟ್ಟು ಮುಂದಿನವನ ಕಡೆ ತಿರುಗುವವನಾಗಿದ್ದರೆ. ಕೂಲಿ ಸೈನಿಕ, ದರೋಡೆಕೋರ, ದೂರದಿಂದ ಬಾಣ ಬಿಡುವವನು ಹಾಗೆ ಮಾಡಬಹುದು. ಹಸಿದ ಮೃಗ ಮಾಡುವುದಿಲ್ಲ, ಸಿಕ್ಕಿದ್ದನ್ನು ಕಚ್ಚಿ ಎಳೆದೊಯ್ಯುತ್ತದೆ. ನಿಮ್ಮ ಡಿಎಂ ಬಿದ್ದವರಿಗೆ ಹೊಡೆಯುತ್ತಾರೆಯೇ ಎಂಬುದು ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ "ಕೂಡಲೇ" ಎಂದೇ ಬರೆಯಿರಿ.

ಡೆತ್ ವಾರ್ಡಿನಲ್ಲೂ ಇದೇ ತೊಡಕು ಸಣ್ಣದಾಗಿ ಕಾಣುತ್ತದೆ. ಮೊದಲ ಏಟಿಗೆ 1ರಲ್ಲಿ ನಿಲ್ಲುತ್ತೀರಿ, ಅದೇ ಎದುರಾಳಿಯ ಎರಡನೆಯ ಏಟಿಗೆ ಬೀಳುತ್ತೀರಿ. ಇದು ದೋಷವಲ್ಲ. ಯುಪಿಎಸ್ ಬ್ಯಾಟರಿ ಒಂದೇ ಸಲಕ್ಕೆ, ಅಷ್ಟೇ.

ಲಕ್ಷಣ 4: "ಗೆಳೆಯರು ಎಬ್ಬಿಸುತ್ತಲೇ ಇದ್ದಾರೆ, ನನಗೆ ಒಂದು ಸರದಿಯೂ ಸಿಗುತ್ತಿಲ್ಲ"

ಸರದಿಯ ಕ್ರಮವನ್ನು ಕಾಗದದ ಮೇಲೆ ಬರೆಯಿರಿ. ಟ್ರೋಲ್, ಮಂತ್ರವಾದಿ, ಕ್ಲೆರಿಕ್ ಎಂದಿದೆ ಎಂದುಕೊಳ್ಳಿ. ಟ್ರೋಲ್ ಬೀಳಿಸಿತು. ಮಂತ್ರವಾದಿಯ ಸರದಿ ಡೆತ್ ಸೇವಿಗೇ ಹೋಯಿತು. ಕ್ಲೆರಿಕ್ ಎಬ್ಬಿಸಿದ. ಮುಂದೆ ಯಾರು? ಮತ್ತೆ ಟ್ರೋಲ್. ಎದ್ದವನು ಕೈ ಎತ್ತುವ ಮೊದಲೇ ನೆಲಕ್ಕೆ. ಇದೇ ಚಕ್ರ ಮೂರು ಸುತ್ತು ನಡೆದರೆ ಆಟಗಾರ ಮೊಬೈಲ್ ತೆಗೆಯುತ್ತಾನೆ.

ಪರಿಹಾರ ರೆಡಿ ಕ್ರಿಯೆ. ಕ್ಲೆರಿಕ್ ತನ್ನ ಸರದಿಯಲ್ಲಿ ಮಂತ್ರವಾದಿಯ ಪಕ್ಕ ಬಂದು, ಕ್ಯೂರ್ ವೂಂಡ್ಸ್ ಹಿಡಿದುಕೊಂಡು, "ಟ್ರೋಲ್ ಹೊಡೆದು ಮುಗಿಸಿದ ಕೂಡಲೇ ಮುಟ್ಟುತ್ತೇನೆ" ಎನ್ನಬೇಕು. ಟ್ರೋಲ್ ಬೇರೆಯವರಿಗೆ ಹೊಡೆದು ಮುಗಿಸುತ್ತದೆ, ಕ್ಲೆರಿಕ್ ರಿಯಾಕ್ಷನ್ (ಬೇರೆಯವರ ಸರದಿಯಲ್ಲೂ ಮಾಡಬಹುದಾದ ಒಂದು ಕೆಲಸ) ಖರ್ಚು ಮಾಡಿ ಮುಟ್ಟುತ್ತಾನೆ, ಮರುಗಳಿಗೆಯೇ ಮಂತ್ರವಾದಿಯ ಸರದಿ. ಟ್ರೋಲ್ ಬಿದ್ದವನನ್ನೇ ಅಗಿಯುತ್ತ ನಿಂತಿದ್ದರೆ ಈ ಉಪಾಯ ಬೇಡ. ಆಗ ಚಕ್ರವಾದರೂ ಸರಿ, ತಕ್ಷಣ ಎಬ್ಬಿಸಿ.

ಹಿಡಿದದ್ದು ಹತ್ತದಿದ್ದರೆ ನೋಡಬೇಕಾದ ಜಾಗಗಳು ಇವು. ಷರತ್ತು ಪಾತ್ರದ ಕಣ್ಣಿಗೋ ಕಿವಿಗೋ ಬೀಳುವಂಥದ್ದಾಗಿರಬೇಕು. "ಅವನ ಸರದಿ ಬಂದಾಗ" ನಡೆಯುವುದಿಲ್ಲ, ಸರದಿ ಯಾರ ಕಣ್ಣಿಗೂ ಕಾಣುವುದಿಲ್ಲ. ಹಿಡಿದ ಮಂತ್ರಕ್ಕೆ ಏಕಾಗ್ರತೆ ಬೇಕು, ನಡುವೆ ಕ್ಲೆರಿಕ್‌ಗೆ ಏಟು ಬಿದ್ದು ಏಕಾಗ್ರತೆ ಮುರಿದರೆ ಮಂತ್ರವೂ ಹೋಯಿತು, ಸ್ಲಾಟೂ (ಇಷ್ಟೇ ಎಂದು ಎಣಿಸಿ ಸಿಗುವ ಮಂತ್ರದ ಪಾಲು) ಹೋಯಿತು. ಬೇರೇನನ್ನೋ ಏಕಾಗ್ರತೆಯಲ್ಲಿ ಹಿಡಿದಿದ್ದರೆ ಅದು ಆಗಲೇ ಬಿಟ್ಟುಹೋಗಿರುತ್ತದೆ. ಆ ಸುತ್ತಿನಲ್ಲಿ ರಿಯಾಕ್ಷನ್ ಬೇರೆಡೆ ಖರ್ಚಾಗಿದ್ದರೂ ಅಷ್ಟೇ. ಹೀಲಿಂಗ್ ವರ್ಡನ್ನು ಹೀಗೆ ಹಿಡಿದಿಡಲು ಬರುವುದಿಲ್ಲ, ಅದೇ ಬೋನಸ್ ಕ್ರಿಯೆಯ ತೊಡಕು.

ಹಣವಿಲ್ಲದ ತಂಡಕ್ಕೆ ಒಂದು ಮಾತು. 50 ನಾಣ್ಯದ ಔಷಧಿ ಸೀಸೆಯನ್ನು ಬಿದ್ದವನ ಬಾಯಿಗೆ ಹೊಯ್ಯಲು 2014ರಲ್ಲಿ ಪೂರ್ತಿ ಕ್ರಿಯೆ ಬೇಕಿತ್ತು, 2024ರಲ್ಲಿ ಬೋನಸ್ ಕ್ರಿಯೆ ಸಾಕು. 5 ನಾಣ್ಯದ ಹೀಲರ್ಸ್ ಕಿಟ್ ಹತ್ತು ಸಲ ಬರುತ್ತದೆ. ಅದು ಎಬ್ಬಿಸುವುದಿಲ್ಲ, ಸ್ಥಿರ ಮಾಡುತ್ತದೆ. ಅನೇಕ ಸಲ ಅಷ್ಟೇ ಸಾಕು.

ಲಕ್ಷಣ 5: "ಸರದಿಯ ಆರಂಭದಲ್ಲಿ ಎರಡೂ ಇವೆ, ಯಾವುದು ಮೊದಲು?"

ಪಾಲಡಿನ್ (ಧರ್ಮಯೋಧ) ಹೇಳುವ ಆರಾ ಆಫ್ ಲೈಫ್ ಮಂತ್ರದ ವಲಯದೊಳಗೆ ಸೊನ್ನೆಯಲ್ಲಿ ಬಿದ್ದಿರುವ ಗೆಳೆಯನಿಗೆ ಅವನ ಸರದಿಯ ಆರಂಭದಲ್ಲಿ 1 ಹಿಟ್ ಪಾಯಿಂಟ್ ಸಿಗುತ್ತದೆ. ಡೆತ್ ಸೇವ್ ಕೂಡ ಅದೇ ಆರಂಭದಲ್ಲಿ. ಎರಡು ಸೋಲು ಆಗಲೇ ಆಗಿದ್ದರೆ ಈ ಪ್ರಶ್ನೆ ಜೀವನ್ಮರಣದ್ದು. ಒಂದೇ ಗಳಿಗೆಯಲ್ಲಿ ಎರಡು ಸಂಗತಿ ಎದುರಾದರೆ, ಯಾರ ಸರದಿಯೋ ಅವರನ್ನು ಆಡಿಸುವವರು ಕ್ರಮ ಆರಿಸಬಹುದು ಎಂಬ ನಿಯಮ ಇದೆ. ಮದ್ದನ್ನೇ ಮೊದಲು ಆರಿಸಿ. ಹಿಟ್ ಪಾಯಿಂಟ್ ಬಂದ ಮೇಲೆ ಸೇವ್ ಎಸೆಯುವ ಅಗತ್ಯವೇ ಇಲ್ಲ. ಮೊದಲು ಎಸೆದರೆ ಸಿಗುವ ಅತಿ ದೊಡ್ಡ ಲಾಭ, 20 ಬಿದ್ದು 1 ಹಿಟ್ ಪಾಯಿಂಟ್. ಅದನ್ನು ಆರಾ ಹೇಗೂ ಕೊಡುತ್ತದೆ.

ಲಕ್ಷಣ 6: "ಬಿದ್ದದ್ದಲ್ಲ, ನೇರವಾಗಿ ಸತ್ತ"

ಒಂದೇ ಪೆಟ್ಟು ಸೊನ್ನೆ ದಾಟಿ, ಮಿಕ್ಕ ಭಾಗ ಪಾತ್ರದ ಪೂರ್ತಿ ಹಿಟ್ ಪಾಯಿಂಟಿನಷ್ಟಿದ್ದರೆ ಅಥವಾ ಹೆಚ್ಚಿದ್ದರೆ ಡೆತ್ ಸೇವ್ ಇಲ್ಲ, ಅಲ್ಲೇ ಸಾವು. ಪೂರ್ತಿ 24 ಇರುವವನ ಬಳಿ 6 ಉಳಿದಿದೆ, ಪೆಟ್ಟು 30 ಬಿತ್ತು. 6ಕ್ಕೆ ಸೊನ್ನೆ, ಮಿಕ್ಕದ್ದು 24. ಮುಗಿಯಿತು. ಇಲ್ಲಿ "ಬಿದ್ದ ಕೂಡಲೇ" ಎಂಬ ಕಂಟಿಂಜೆನ್ಸಿ ಚಾಲೂ ಆದರೂ ಒಳಗಿನ ಕ್ಯೂರ್ ವೂಂಡ್ಸ್ ಹೆಣದ ಮೇಲೆ ಬೀಳುತ್ತದೆ. ಡೆತ್ ವಾರ್ಡ್ ಉಳಿಸುತ್ತದೆ, ಏಕೆಂದರೆ ಅದು ಸೊನ್ನೆಗೆ ಇಳಿಯಲು ಬಿಡುವುದೇ ಇಲ್ಲ. ಪೆಟ್ಟಿಲ್ಲದೆ ನೇರ ಕೊಲ್ಲುವ ಮಂತ್ರವನ್ನೂ ಅದು ಒಮ್ಮೆ ತಡೆಯುತ್ತದೆ. ಹಿರಿಯ ಮಂತ್ರವಾದಿಗಳ ಜೊತೆ ಕಾಳಗವಿದ್ದರೆ ನಾಲ್ಕನೆಯ ಹಂತದ ಆ ಸ್ಲಾಟನ್ನು ಜಿಪುಣತನ ಮಾಡದೆ ಕೊಡಿ.

ಕಂಟಿಂಜೆನ್ಸಿಯ ಒಳಗೆ ರಿವಿವಿಫೈ ಕಟ್ಟಿ "ನಾನು ಸತ್ತಾಗ" ಎಂದು ಬರೆಯಬಹುದೇ? ರಿವಿವಿಫೈ ಮುಟ್ಟುವುದು ಸತ್ತವರನ್ನು, ಕಟ್ಟುವಾಗ ನೀವು ಬದುಕಿದ್ದೀರಿ. ಅದು ನಿಮ್ಮನ್ನು ಗುರಿ ಮಾಡಬಲ್ಲ ಮಂತ್ರವೇ ಎಂಬಲ್ಲಿ ಮೇಜಿಗೊಂದು ತೀರ್ಪು. ಇಲ್ಲಿ ನಿಮ್ಮ ಜಾಣತನ ನಿಲ್ಲಿಸಿ, ಆಟ ಶುರುವಾಗುವ ಮೊದಲೇ ಡಿಎಂ ಅವರನ್ನು ಕೇಳಿ. ಪಾತ್ಫೈಂಡರ್ ಎಂಬ ಇಂಥದೇ ಇನ್ನೊಂದು ಆಟದ ಎರಡನೆಯ ಆವೃತ್ತಿ ಆಡುವವರಿಗೆ ಈ ತಲೆನೋವಿಲ್ಲ. ಅಲ್ಲಿ ಬ್ರೆತ್ ಆಫ್ ಲೈಫ್ ಎಂಬ ಮಂತ್ರವನ್ನು ಯಾರಾದರೂ ಸಾಯುವ ಗಳಿಗೆಗೆ ಸರಿಯಾಗಿ ರಿಯಾಕ್ಷನ್ನಾಗಿ ಹೇಳಬಹುದು.

ಲಕ್ಷಣ 7: "ಚಾಲೂ ಆಯಿತು, ಆದರೆ ಗಾಯ ಮಾಯಲಿಲ್ಲ"

ಅಪರೂಪ, ಬೇಗ ಮುಗಿಸುತ್ತೇನೆ. ಎದುರಾಳಿ ಚಿಲ್ ಟಚ್ ಹಾಕಿದ್ದರೆ ಅವನ ಮುಂದಿನ ಸರದಿ ಬರುವವರೆಗೆ ಹಿಟ್ ಪಾಯಿಂಟ್ ಏರುವುದಿಲ್ಲ. ಆಂಟಿಮ್ಯಾಜಿಕ್ ಫೀಲ್ಡ್ ಒಳಗೆ ಯಾವ ಮಂತ್ರವೂ ಕೆಲಸ ಮಾಡುವುದಿಲ್ಲ. 2014ರ ನಿಯಮದಲ್ಲಿ ಕ್ಯೂರ್ ವೂಂಡ್ಸ್ ಪ್ರೇತ ಮತ್ತು ಯಂತ್ರ ಜೀವಿಗಳಿಗೆ ನಾಟುವುದಿಲ್ಲ. ಮೂರೂ ಅಲ್ಲದಿದ್ದರೆ ಯಾರೋ ಕೂಡುವ ಲೆಕ್ಕ ತಪ್ಪಿದ್ದಾರೆ.

ಎಲ್ಲಿ ನಿಲ್ಲಿಸಬೇಕು

ಪುಸ್ತಕ ತೆರೆದು ಐದು ನಿಮಿಷವಾದರೂ ಉತ್ತರ ಸಿಗದಿದ್ದರೆ ಮುಚ್ಚಿಡಿ. ಡಿಎಂ ಹೇಳಿದ್ದೇ ಇವತ್ತಿನ ತೀರ್ಪು, ನೋಟ್‌ಬುಕ್ಕಿನಲ್ಲಿ ಬರೆದು ಮುಂದಿನ ವಾರ ಮಾತಾಡಿ. ಸತ್ತ ಪಾತ್ರವನ್ನು ಹಿಂದಿನ ಸುತ್ತಿಗೆ ಹೋಗಿ ಬದುಕಿಸಲು ಹೊರಟರೆ ಆ ಸುತ್ತಿನಲ್ಲಿ ಎಲ್ಲರೂ ಮಾಡಿದ್ದನ್ನೂ ಬಿಚ್ಚಬೇಕಾಗುತ್ತದೆ. ನಾವು ಒಮ್ಮೆ ಬಿಚ್ಚಿದೆವು. ರಾತ್ರಿ ಹನ್ನೊಂದಕ್ಕೆ ಯಾರಿಗೂ ತಮ್ಮ ಬಾಣ ಎಷ್ಟು ಉಳಿದಿವೆ ಎಂದು ಗೊತ್ತಿರಲಿಲ್ಲ.

ಎರಡು ಎಚ್ಚರಿಕೆ ಆಟದಾಚೆಯವು. ಮೇಜಿನ ಸುತ್ತ ಕುಳಿತವರ ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ ಡೆತ್ ಸೇವ್ ಬರೀ ದಾಳವಾಗಿ ಉಳಿಯುವುದಿಲ್ಲ. ಆಟಕ್ಕೆ ಮುಂಚೆ ಮೆಲ್ಲನೆ ಕೇಳಿಕೊಳ್ಳಿ, ಬೇಡವೆಂದರೆ ಆ ವಾರ ಯಾರೂ ಸಾಯದ ಕತೆ ಆಡಿ. ಇನ್ನೊಂದು, ಮಳೆ ಜೋರೆಂದು ಜನರೇಟರನ್ನು ಜಗಲಿಗೋ ಮುಚ್ಚಿದ ಕೋಣೆಗೋ ತಂದು ಓಡಿಸಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಕಿಟಕಿ ಹಾಕಿ ಕುಳಿತವರಿಗೆ ತಲೆನೋವು, ತಲೆಸುತ್ತು ಬಂದರೆ ದಾಳ ಬಿಟ್ಟು ಎಲ್ಲರೂ ಹೊರಗೆ ಬನ್ನಿ, ಯಾರಾದರೂ ಕುಸಿದರೆ 108ಕ್ಕೆ ಕರೆ ಮಾಡಿ.

ಅಕ್ಕ ಈಗ ಹೊಸ ಮಂತ್ರವಾದಿನಿಯನ್ನು ಆಡಿಸುತ್ತಿದ್ದಾರೆ. ಕಾಫಿ ಬೇರಿನ ಪುತ್ಥಳಿಗೆ ರಬ್ಬರ್ ಬ್ಯಾಂಡಿನಲ್ಲಿ ಸುತ್ತಿದ ಚೀಟಿಯಲ್ಲಿ "ಪೆಟ್ಟಿನಿಂದ ಹಿಟ್ ಪಾಯಿಂಟ್ ಸೊನ್ನೆಯಾಗಿ ನಾನು ಪ್ರಜ್ಞೆ ತಪ್ಪಿದ ಕೂಡಲೇ" ಎಂದಿದೆ, ಕೆಳಗೆ ಕಟ್ಟಿದ ದಿನಾಂಕ. ಕಳೆದ ಶನಿವಾರ ಮಾವ ಅದನ್ನು ಬಿಚ್ಚಿ ಓದಿದರು, ತಿರುಗಿಸಿ ಹಿಂಬದಿ ನೋಡಿದರು, ಏನೂ ಸಿಗಲಿಲ್ಲ. "ಕೂಡಲೇ ಎಂದರೆ ಎಷ್ಟು ಹೊತ್ತು?" ಎಂದರು. ಅಕ್ಕ ಚೀಟಿ ಕಿತ್ತುಕೊಂಡು ಮತ್ತೆ ಸುತ್ತಿಟ್ಟರು.